ಎಲ್ಲ ಮಕ್ಕಳೂ ಕೂಡಿ ಆಡುವ ಅಂಗಳ: ಊರಿನ ಉದ್ಯಾನದಲ್ಲಿ ಕಟ್ಟುವ ಬಗೆ

ವಿಕಲಚೇತನ ಮಕ್ಕಳಿಗಾಗಿ ಊರಿನ ಉದ್ಯಾನದಲ್ಲಿ ಏನಾದರೂ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಗಾಲಿಕುರ್ಚಿ ಸಮೇತ ಏರಬಹುದಾದ ಉಯ್ಯಾಲೆಯ ಬೆಲೆಯನ್ನು. ಅದನ್ನು ತಂದು ಒಂದು ಮೂಲೆಯಲ್ಲಿ ನಿಲ್ಲಿಸಿ, ಬೇರೆ ಮಕ್ಕಳು ಹತ್ತಿ ಕೆಡಿಸದಿರಲೆಂದು ಸುತ್ತ ಬೇಲಿ ಹಾಕಿ ಬೀಗ ಜಡಿದರೆ, ಒಂದು ಮಗು ಒಳಗೆ ಒಂಟಿಯಾಗಿ ತೂಗುತ್ತಿರುತ್ತದೆ, ಉಳಿದವರು ಬೇಲಿಯಾಚೆ ನಿಂತು ನೋಡುತ್ತಿರುತ್ತಾರೆ. ಆ ಮಗುವಿಗೆ ಉಯ್ಯಾಲೆಗಿಂತ ಹೆಚ್ಚಾಗಿ ಬೇಕಿರುವುದು ಪಕ್ಕದಲ್ಲಿ ನಿಂತು ‘ಈಗ ನನ್ನ ಸರದಿ’ ಎಂದು ಜಗಳ ತೆಗೆಯುವ ಇನ್ನೊಂದು ಮಗು. ಆದ್ದರಿಂದ ಕೆಲಸದ ಕ್ರಮವನ್ನೇ ಬದಲಿಸಿಕೊಳ್ಳಬೇಕು: ಮೊದಲು ಮಕ್ಕಳನ್ನು ಹುಡುಕಿ, ಆಮೇಲೆ ನೆಲವನ್ನು ಸಿದ್ಧಪಡಿಸಿ, ಸಲಕರಣೆಯನ್ನು ಕೊನೆಗೆ ಕೊಳ್ಳಿ.

ಮಕ್ಕಳನ್ನು ಹುಡುಕುವುದು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು, ಏಕೆಂದರೆ ಇಂತಹ ಅನೇಕ ಮಕ್ಕಳು ಮನೆಯ ಹೊಸ್ತಿಲು ದಾಟುವುದೇ ಅಪರೂಪ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಯಾವ ಬೀದಿಯ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಬಲ್ಲರು. ಅವರೊಡನೆ ಮನೆಮನೆಗೆ ಹೋಗಿ ತಾಯಿತಂದೆಯರ ಜೊತೆಗೆ ಮಗುವಿನೊಡನೆಯೂ ಮಾತನಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಗಾಲಿಕುರ್ಚಿಯ ಮಗುವೊಂದನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದ ಅಂಗಳವು ಕಣ್ಣು ಕಾಣದ, ಕಿವಿ ಕೇಳದ ಅಥವಾ ಗದ್ದಲಕ್ಕೆ ಬೆದರುವ ಆಟಿಸಂ ಇರುವ ಮಗುವಿಗೆ ಮುಚ್ಚಿಯೇ ಉಳಿಯಬಹುದು. ಮಗುವನ್ನು ನಿತ್ಯ ಕರೆತರುವವರು ಮೊಣಕಾಲು ನೋವಿನ ಅಜ್ಜಿಯೂ ಆಗಿರಬಹುದು. ಅವರನ್ನೂ ಕೇಳಿ.

ಹೊಸ ಜಾಗ ಹುಡುಕಬೇಕಾಗಿಲ್ಲ. ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಪೋಷಕರ ‘ಕಿಲಿಕಿಲಿ’ ಸಂಸ್ಥೆಯು ಪಾಲಿಕೆಯೊಡನೆ ಸೇರಿ ಇದ್ದ ಉದ್ಯಾನವನ್ನೇ ಎಲ್ಲ ಮಕ್ಕಳಿಗೂ ಒಗ್ಗಿಸಿತು. ಅದೇ ದಾರಿ ಊರಿನ ಯಾವ ಉದ್ಯಾನಕ್ಕೂ ಸಲ್ಲುತ್ತದೆ. ಉದ್ಯಾನ ಮತ್ತು ಆಟದ ಮೈದಾನಗಳ ಸಂರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯೇ ಇರುವುದರಿಂದ, ಕಟ್ಟೆ ಕಟ್ಟುವ ಮುನ್ನ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಪಡೆಯಿರಿ. ಹಣದ ವಿಚಾರದಲ್ಲಿ, ಪಂಚಾಯಿತಿ, ಪುರಸಭೆಗಳು ವಿಕಲಚೇತನರಿಗಾಗಿ ಮೀಸಲಿಡುವ ಶೇಕಡಾ 5ರ ನಿಧಿಯ ಬಗ್ಗೆ ಅರ್ಜಿಯಲ್ಲಿಯೇ ಕೇಳಿ.

ಈಗ ನೆಲದ ಮಾತು. ಹಣದ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತಲುಪಲಾಗದ ಸಲಕರಣೆ ಎಷ್ಟು ಒಳ್ಳೆಯದಾದರೇನು? ಬಸ್ ನಿಲ್ದಾಣ ಅಥವಾ ಆಟೋ ನಿಲ್ಲುವ ಜಾಗದಿಂದ ಹೊರಟು, ಗಾಲಿಕುರ್ಚಿಯಲ್ಲಿ ಕುಳಿತೇ ಉದ್ಯಾನದವರೆಗೆ ಒಮ್ಮೆ ಬನ್ನಿ. ಬೈಕು, ದನ ಒಳನುಗ್ಗದಂತೆ ಗೇಟಿನಲ್ಲಿ ಅಡ್ಡಡ್ಡ ನೆಟ್ಟ ಕಂಬಗಳು ಮೊದಲು ತಡೆಯುವುದು ಈ ಮಗುವನ್ನೇ ಎಂಬುದು ಆಗ ತಿಳಿಯುತ್ತದೆ. ಕನಿಷ್ಠ 90 ಸೆಂಟಿಮೀಟರ್ ತೆರವಿರುವ ಒಂದು ದಾರಿಯನ್ನಾದರೂ ಬಿಡಿಸಬೇಕು. ಇಳಿಜಾರಿನ ಲೆಕ್ಕ 1:12, ಅಂದರೆ 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು ಬೇಕು; ಜಾಗವಿಲ್ಲವೆಂದು ಕಡಿದಾಗಿ ಕಟ್ಟಿದ ಇಳಿಜಾರು ಮೆಟ್ಟಿಲಿಗಿಂತ ಅಪಾಯಕಾರಿ. ಒಳಗಿನ ದಾರಿ ಕನಿಷ್ಠ 1.2 ಮೀಟರ್ ಅಗಲವಿರಲಿ, ಎದುರುಬದುರಾಗಿ ಎರಡು ಗಾಲಿಕುರ್ಚಿಗಳು ಹಾಯುವಲ್ಲಿ 1.8 ಮೀಟರ್ ಇರಲಿ, ಪ್ರತಿ ಆಟದ ಬಳಿಯೂ ಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ವ್ಯಾಸದ ಸಮತಟ್ಟು ಜಾಗ ಸಿಗಲಿ. ಕಲ್ಲುಬೆಂಚಿನ ಪಕ್ಕದಲ್ಲಿ ಒಂದು ಕುರ್ಚಿ ನಿಲ್ಲುವಷ್ಟು ನೆಲವನ್ನು ಖಾಲಿ ಬಿಟ್ಟರೆ ಮಗು ಗೆಳೆಯರ ಸಾಲಿನಲ್ಲಿಯೇ ಕುಳಿತಂತಾಗುತ್ತದೆ. ಮಲೆನಾಡಿನಲ್ಲಿ ನಯವಾದ ಟೈಲ್ಸ್ ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುವುದರಿಂದ ಅಲ್ಲಿ ಒರಟು ಮೇಲ್ಮೈಯ ಕಾಂಕ್ರೀಟೇ ಲೇಸು.

ಮಕ್ಕಳು ಬೀಳುವ ಜಾಗದ ನೆಲ ಬೇರೆಯೇ ಆಗಿರಬೇಕು. ಮರಳು ಅಗ್ಗ, ಸುಮಾರು 23 ಸೆಂಟಿಮೀಟರ್ ಆಳವಿದ್ದರೆ 1.2 ಮೀಟರ್ ಎತ್ತರದಿಂದ ಬಿದ್ದ ತಲೆಯನ್ನು ಕಾಯುತ್ತದೆ. ಆದರೆ ಅದರಲ್ಲಿ ಗಾಲಿ ಹೂತುಹೋಗುತ್ತದೆ, ಊರುಗೋಲು ಇಳಿಯುತ್ತದೆ. ರಬ್ಬರ್ ಹಾಸಿನ ಮೇಲೆ ಗಾಲಿ ಸರಾಗವಾಗಿ ಓಡುತ್ತದೆ, ಆದರೆ ಕಪ್ಪು ರಬ್ಬರ್ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬರಿಗಾಲನ್ನು ಸುಡುತ್ತದೆ. ಹಣ ಸಾಲದಿದ್ದರೆ ಪ್ರತಿ ಆಟಕ್ಕೂ ತಲುಪುವ ದಾರಿಗೆ ಮಾತ್ರ ತಿಳಿಬಣ್ಣದ ರಬ್ಬರ್ ಹಾಸಿ, ಉಳಿದೆಡೆ ಮರಳನ್ನು ಉಳಿಸಿಕೊಳ್ಳಬಹುದು. ಪ್ರತಿ ಸಲಕರಣೆಯ ಸುತ್ತಲೂ 1.8 ಮೀಟರ್ ತೆರವಿರಲಿ. ತೂಗುವ ಉಯ್ಯಾಲೆಯ ಹಿಂದೆ ಮುಂದೆ ಇನ್ನೂ ಹೆಚ್ಚು ಬೇಕು.

ಸಲಕರಣೆಯನ್ನು ಆರಿಸುವಾಗ ಒಂದೇ ಪ್ರಶ್ನೆ ಸಾಕು: ಇದರಲ್ಲಿ ಇಬ್ಬರು ಬೇರೆ ಬೇರೆ ಬಗೆಯ ಮಕ್ಕಳು ಒಟ್ಟಿಗೆ ಆಡಬಹುದೇ? ಬುಟ್ಟಿಯಂತಹ ಅಗಲ ಉಯ್ಯಾಲೆಯಲ್ಲಿ ಕೂರಲಾಗದ ಮಗುವೂ ಅಕ್ಕನ ಪಕ್ಕ ಮಲಗಿ ತೂಗಬಹುದು. ತಿರುಗುವ ಚಕ್ರದ ತಟ್ಟೆಯನ್ನು ನೆಲಮಟ್ಟಕ್ಕೇ ಇಳಿಸಿದರೆ ಗಾಲಿಕುರ್ಚಿ ನೇರವಾಗಿ ಒಳಹೊಕ್ಕು ನಿಲ್ಲುತ್ತದೆ. ಸಾಮಾನ್ಯ ಉಯ್ಯಾಲೆಗಳ ಸಾಲಿನಲ್ಲಿಯೇ ಬೆನ್ನಿಗೆ ಆಸರೆಯಿರುವ ಒಂದು ಆಸನವನ್ನು ತೂಗಿಹಾಕಿ. ಜಾರುಬಂಡೆಯ ವಿಚಾರದಲ್ಲಿ ಎಚ್ಚರ ಅಗತ್ಯ: ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಶ್ರವಣ ಸಾಧನ) ಧರಿಸಿದ ಮಗುವಿನ ಯಂತ್ರದ ಹೊಂದಾಣಿಕೆಯನ್ನು ಕೆಡಿಸಬಹುದು, ಲೋಹದ್ದಾದರೆ ಬಿಸಿಲಿಗೆ ಕಾಯುತ್ತದೆ. ಲೋಹದ್ದನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿರೆಂಬ ಸಲಹೆ ಚಳಿ ದೇಶಗಳಿಗೆ ಸಾಕಾದೀತು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಹೊಂಗೆಯ ಅಥವಾ ಬೇವಿನ ನೆರಳೇ ಗತಿ. ಯಾವ ಸಲಕರಣೆಯಲ್ಲಿಯೂ 9ರಿಂದ 23 ಸೆಂಟಿಮೀಟರ್ ನಡುವಿನ ಸಂದು ಇರಬಾರದು; ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಳತೆ ಅದು. ಹಳೆಯ ಟೈರುಗಳನ್ನು ಬಳಸುವುದಾದರೆ ಅಡಿಯಲ್ಲಿ ತೂತು ಕೊರೆಯದೆ ನೆಡಬೇಡಿ, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ.

ದುಬಾರಿ ಪಟ್ಟಿಗಳಲ್ಲಿ ಕಾಣದ, ಆದರೆ ನಮ್ಮಲ್ಲಿ ಬಹುಕಾಲದಿಂದ ಇರುವ ಆಟವೊಂದನ್ನು ನಾನು ತುಂಬು ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಅದು ಅಳಗುಳಿ ಮಣೆ. ಕಲ್ಲುಕುಟಿಗರಿಂದ ಒಂದು ಚಪ್ಪಡಿಯಲ್ಲಿ ಏಳೇಳು ಗುಳಿಗಳ ಎರಡು ಸಾಲು ಕೊರೆಸಿ, ಅದನ್ನು ಗಾಲಿಕುರ್ಚಿಯಲ್ಲಿ ಕುಳಿತ ಮಗುವಿನ ಮೊಣಕಾಲು ಕೆಳಗೆ ಹೋಗುವಷ್ಟು, ಅಂದರೆ ಅಡಿಯಲ್ಲಿ ಸುಮಾರು 65 ಸೆಂಟಿಮೀಟರ್ ತೆರವಿರುವಂತೆ ಎತ್ತರಿಸಿ ಕೂರಿಸಿ. ಕಣ್ಣು ಕಾಣದ ಮಗು ಹುಣಸೆಬೀಜಗಳನ್ನು ಬೆರಳಿನಿಂದಲೇ ಎಣಿಸಿ, ಕಾಣುವ ಮಗುವಿಗೆ ಸರಿಸಮನಾಗಿ ಆಡುತ್ತದೆ, ಗೆಲ್ಲುತ್ತದೆ. ಚೌಕಾಬಾರದ ಮನೆಗಳನ್ನೂ ಹೀಗೆಯೇ ಗೀರು ತೆಗೆದು ಕೊರೆಸಬಹುದು.

ಗದ್ದಲದಿಂದ ದೂರ, ಆದರೆ ಆಟ ಕಾಣುವಂತೆ ಒಂದು ಶಾಂತ ಮೂಲೆ ಇರಲಿ; ಕಂಗೆಟ್ಟ ಮಗು ಅಲ್ಲಿ ಕುಳಿತು ಸುಧಾರಿಸಿಕೊಂಡು ತಾನಾಗಿಯೇ ಮರಳುತ್ತದೆ. ಅಲ್ಲಿ ತುಳಸಿ, ದವನ, ಮರುಗ ನೆಡಿ. ಉದ್ಯಾನಗಳಲ್ಲಿ ಸಾಮಾನ್ಯವಾಗಿರುವ ಕಣಗಿಲೆ ವಿಷಕಾರಿಯಾದ್ದರಿಂದ, ಎಲೆಯನ್ನು ಬಾಯಿಗಿಡುವ ಮಕ್ಕಳಿರುವಲ್ಲಿ ಅದು ಬೇಡವೇ ಬೇಡ. ಆಟಗಳ ಚಿತ್ರಗಳಿರುವ, ಕನ್ನಡ ಮತ್ತು ಬ್ರೈಲ್ ಎರಡರಲ್ಲೂ ಹೆಸರು ಬರೆದ ಫಲಕವನ್ನು ಮಗುವಿನ ಎತ್ತರಕ್ಕೆ ಹಾಕಿದರೆ, ಮಾತು ಬಾರದ ಮಗು ತನಗೆ ಬೇಕಾದ ಆಟವನ್ನು ತೋರಿಸಿ ಕೇಳಬಹುದು. ಅಗಲ ಬಾಗಿಲಿನ, ಹಿಡಿಕಂಬಿಯಿರುವ ಶೌಚಾಲಯವಿಲ್ಲದಿದ್ದರೆ ಕುಟುಂಬಗಳು ಅರ್ಧ ಗಂಟೆಯಲ್ಲಿಯೇ ಹಿಂದಿರುಗುತ್ತವೆ.

ಉದ್ಘಾಟನೆಗೂ ಮುಂಚೆ ಅದೇ ಮಕ್ಕಳನ್ನು ಒಂದು ಸಂಜೆ ಆಡಲು ಕರೆಸಿ, ಅವರು ತೊಡರಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಗುತ್ತಿಗೆದಾರರ ಕೊನೆಯ ಕಂತನ್ನು ಆ ಗುರುತುಗಳು ಸರಿಯಾಗುವವರೆಗೂ ತಡೆಹಿಡಿಯಿರಿ. ಅನಂತರ ತಿಂಗಳಿಗೊಮ್ಮೆ ಬೋಲ್ಟು, ಸರಪಳಿ, ಕೊಂಡಿಗಳನ್ನು ಯಾರು ನೋಡಬೇಕು, ಕೆಟ್ಟರೆ ಯಾರಿಗೆ ತಿಳಿಸಬೇಕು ಎಂಬುದನ್ನು ಹೆಸರು ಸಮೇತ ಬರೆದಿಡಿ. ಕರಾವಳಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಸತುವು ಲೇಪಿಸಿದ್ದನ್ನೇ ಕೊಳ್ಳಿ. ಗೇಟಿನ ಕಾವಲುಗಾರರಿಗೆ ಪೋಷಕರೇ ಒಂದು ದಿನ ಎಲ್ಲವನ್ನೂ ವಿವರಿಸಲಿ, ಏಕೆಂದರೆ ಬುಟ್ಟಿ ಉಯ್ಯಾಲೆಗೆ ಬೀಗ ಹಾಕುವುದೋ ಬಿಡುವುದೋ ಎಂಬುದು ದಿನನಿತ್ಯ ಅವರ ಕೈಯಲ್ಲಿಯೇ ಇರುತ್ತದೆ.