ಮೀನಿನ ಗಾಡಿಗೆ ದಾರಂದ: ಸುತ್ತಿಗೆ ಹೊಡೆಯದೆ ಬಾಗಿಲು ಕೂರಿಸುವುದು ಹೇಗೆ?

ನಮ್ಮ ಶೆಡ್ಡು ಉಡುಪಿಯ ಸಂತೆಕಟ್ಟೆ ಹತ್ತಿರ ಇದೆ. ಮಲ್ಪೆಯಿಂದ ಮೀನು ಹೊರುವ ಸಣ್ಣ ಗಾಡಿಗಳಿಗೆ ಐಸ್ ನಿಲ್ಲುವ ಬಾಕ್ಸ್ ಕಟ್ಟಿಕೊಡುತ್ತೇವೆ. ಒಳಗೂ ಹೊರಗೂ ತಗಡು, ನಡುವೆ ತಂಪು ಹಿಡಿದಿಡುವ ಪಫ್ ಫೋಮು, ಹಿಂದೆ ಜೋಡಿ ಬಾಗಿಲು. ಬಾಕ್ಸ್ ಕಟ್ಟುವುದು ಅಂಥ ಕಷ್ಟ ಏನಲ್ಲ. ನನ್ನ ತಲೆಕೂದಲು ಬೆಳ್ಳಗಾದದ್ದು ಆ ಹಿಂದಿನ ಬಾಗಿಲಿನ ಫ್ರೇಮಿನಿಂದ.

ಅಪ್ಪ ಮರದ ಆಚಾರಿ. ಅವರು ಮನೆಗಳಿಗೆ ದಾರಂದ ಕೂರಿಸುವಾಗ ನಾನು ಗುಂಡಿನ ದಾರ ಹಿಡಿದು ನಿಲ್ಲುತ್ತಿದ್ದೆ. ಮರದ ಬಾಗಿಲು ಮಳೆಗಾಲಕ್ಕೆ ಉಬ್ಬಿ ಸಿಕ್ಕಿಕೊಂಡರೆ ಅಪ್ಪ ನಾಲ್ಕು ಸಲ ಕೀಸುಳಿ ಎಳೆಯುತ್ತಿದ್ದರು, ಮುಗಿಯಿತು. ಸ್ಟೀಲಿಗೆ ಕೀಸುಳಿ ಇಲ್ಲ ನೋಡಿ. ಅದಕ್ಕೇ ನಮ್ಮವರು ಸುತ್ತಿಗೆ ಹಿಡಿಯುತ್ತಾರೆ. ಬಾಗಿಲು ಕೂರಲಿಲ್ಲ ಅಂದರೆ ಮೂಲೆಗೆ ಎರಡು ಹೊಡೆತ, ಹಿಂಜ್‌ಗೆ ಒಂದು, ಆಮೇಲೆ ಗ್ರೈಂಡರ್. ನಾನೂ ಮೊದಲ ನಾಲ್ಕೈದು ವರ್ಷ ಅದನ್ನೇ ಮಾಡಿದ್ದು.

ಈಗ ಮಾಡುವುದಿಲ್ಲ. ಹೇಗೆ ಅಂತ ಬರೆಯುತ್ತೇನೆ. ಬಸ್ಸಿನ ಬಾಗಿಲಿಗೂ ಆಂಬುಲೆನ್ಸ್ ಬಾಗಿಲಿಗೂ ಇದೇ ಲೆಕ್ಕ ನಡೆಯುತ್ತದೆ. ಬಸ್ ಆದರೆ ಬಸ್ ಬಾಡಿ ಕಟ್ಟುವ ನಿಯಮದ ಪುಸ್ತಕ, ಬಾಡಿ ಕೋಡ್ ಎಐಎಸ್ 052, ತೆಗೆದು ಬಾಗಿಲಿನ ಅಳತೆ ಮೊದಲು ನೋಡಿಕೊಳ್ಳಿ, ಅಷ್ಟೇ.

ಮೊದಲು ನಾನು ಕೆಟ್ಟದ್ದು ಹೇಗೆ ಅಂತ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ರಜೆ. ಗಾಡಿಯವರೆಲ್ಲ ಆ ಎರಡು ತಿಂಗಳಲ್ಲೇ ಬಾಕ್ಸ್ ಕೆಲಸಕ್ಕೆ ಬರುವುದು. ಆಗಸ್ಟ್ ಶುರುವಿಗೆ ಎಲ್ಲರಿಗೂ ಒಟ್ಟಿಗೆ ಬೇಕು. ಒಂದು ವರ್ಷ ಆರು ಗಾಡಿ ಒಪ್ಪಿಕೊಂಡೆ. ಶೆಡ್ಡಿನೊಳಗೆ ಜಾಗ ಸಾಲದೆ ಒಂದನ್ನು ಹೊರಗೆ, ಟಾರ್ಪಾಲು ಕಟ್ಟಿ ನಿಲ್ಲಿಸಿದೆ. ಅಲ್ಲಿ ನೆಲ ಸಮ ಇರಲಿಲ್ಲ. ಹಿಂದಿನ ಎಡ ಚಕ್ರ ಒಂದು ಕೆಂಪುಕಲ್ಲಿನ ತುಂಡಿನ ಮೇಲೆ ಕೂತಿತ್ತು. ನಾವು ಫ್ರೇಮಿನ ಪೈಪುಗಳನ್ನು ಗಾಡಿಯ ಮೇಲೆಯೇ ಒಂದೊಂದಾಗಿ ವೆಲ್ಡ್ ಮಾಡಿದೆವು. ಬಾಗಿಲು ಹಾಕಿದೆವು, ಬೆಣ್ಣೆಯ ಹಾಗೆ ಮುಚ್ಚಿತು. ಗಾಡಿ ರಸ್ತೆಗೆ ಇಳಿದದ್ದೇ ತಡ, ಬಲದ ಬಾಗಿಲು ಮೇಲೆ ಸಿಕ್ಕಿಕೊಂಡಿತು, ಕೆಳಗೆ ಬೆರಳು ಹೋಗುವಷ್ಟು ಸಂದು. ಚಾಸಿ, ಅಂದರೆ ಗಾಡಿಯ ಅಡಿಗಟ್ಟು, ತಿರುಚಿಕೊಂಡು ನಿಂತಿದ್ದಾಗ ನಾವು ಫ್ರೇಮನ್ನೂ ಹಾಗೇ ತಿರುಚಿ ಕಟ್ಟಿದ್ದೆವು. ಗಾಡಿ ಸಮ ಆಯಿತು, ಫ್ರೇಮ್ ಸೊಟ್ಟಗಾಯಿತು. ಕುಂದಾಪುರದ ತನಕ ಹೆದ್ದಾರಿ ಉದ್ದಕ್ಕೂ ಐಸ್ ನೀರು ಸುರಿಸಿಕೊಂಡು ಹೋಗಿದೆ. ಹಿಂದೆ ಬೈಕಿನಲ್ಲಿ ಬರುತ್ತಿದ್ದವರ ಬೈಗುಳ ಓನರ್ ತಿಂದರು, ಓನರ್ ಬೈಗುಳ ನಾನು ತಿಂದೆ.

ಹಾಗಾಗಿ ಮೊದಲ ಮಾತು: ಫ್ರೇಮನ್ನು ಗಾಡಿಯ ಮೇಲೆ ಕಟ್ಟಬೇಡಿ. ಕೆಳಗೆ ಟೇಬಲ್ ಮೇಲೆ ಕಟ್ಟಿ, ಪೂರ್ತಿ ಮುಗಿಸಿ, ಆಮೇಲೆ ಗಾಡಿಗೆ ಬೋಲ್ಟ್ ಹಾಕಿ.

ಅಳತೆ ರಬ್ಬರಿನಿಂದ ಶುರುವಾಗಲಿ

"ಎಷ್ಟು ಕರೆಕ್ಟ್ ಇರಬೇಕು?" ಅಂತ ಹುಡುಗರು ಕೇಳುತ್ತಾರೆ. "ಆದಷ್ಟು" ಅಂದರೆ ಅದು ಉತ್ತರವೇ ಅಲ್ಲ. ಉತ್ತರ ಇರುವುದು ಗ್ಯಾಸ್ಕೆಟಿನಲ್ಲಿ, ಅಂದರೆ ಬಾಗಿಲಿಗೂ ಫ್ರೇಮಿಗೂ ನಡುವೆ ಸಂದು ಮುಚ್ಚುವ ರಬ್ಬರಿನಲ್ಲಿ. ನಾನು ಹಾಕುವ ಟೊಳ್ಳು ರಬ್ಬರ್ 18 ಮಿ.ಮೀ. ಎತ್ತರ. ಬಾಗಿಲು ಮುಚ್ಚಿದಾಗ ಅದು 13ಕ್ಕೆ ಅಮುಕಬೇಕು. 15 ದಾಟಿದರೆ ನೀರು ಬಿಡುತ್ತದೆ. 11ಕ್ಕಿಂತ ಕೆಳಗೆ ಇಳಿದರೆ ಲಾಕ್ ಹಾಕಲು ಇಬ್ಬರು ಬೇಕು. ಅಂದರೆ ನನ್ನ ಕೈಯಲ್ಲಿರುವುದು 13ರ ಆಚೆ ಈಚೆ 2 ಮಿ.ಮೀ.

ಈ 2 ಮಿ.ಮೀ.ಯನ್ನು ತಿನ್ನುವವರು ಯಾರು ಯಾರು? ಫ್ರೇಮಿನ ಮುಖ ಮಟ್ಟ ಇಲ್ಲದೆ 1. ಬಾಗಿಲು ಮಟ್ಟ ಇಲ್ಲದೆ 1. ಹಿಂಜ್ ಆಚೆ ಈಚೆ 1. ರಬ್ಬರಿನದ್ದೇ ಅರ್ಧ. ಎಲ್ಲ ಕೂಡಿದರೆ ಮೂರೂವರೆ, ಕೈಲಿರುವುದು ಎರಡು. ಪುಸ್ತಕದ ಲೆಕ್ಕದಲ್ಲಿ ಇನ್ನೊಂದು ದಾರಿ ಇದೆ. ಎಲ್ಲವೂ ಒಂದೇ ದಿಕ್ಕಿಗೆ ತಪ್ಪುವುದು ಅಪರೂಪ, ಹಾಗಾಗಿ ಒಂದೊಂದನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಿರಿ ಅನ್ನುತ್ತಾರೆ. ಹಾಗೆ ಮಾಡಿದರೆ 1.8 ಬರುತ್ತದೆ, ಪಾಸ್! ಆದರೆ ನಾನು ಅದನ್ನು ನಂಬುವುದಿಲ್ಲ. ವೆಲ್ಡಿಂಗ್ ಎಳೆತ ಪ್ರತಿ ಸಲವೂ ಒಂದೇ ಕಡೆಗೆ. ನಮ್ಮ ತಪ್ಪುಗಳು ದಿಕ್ಕು ಬದಲಾಯಿಸುವುದಿಲ್ಲ. ಅದಕ್ಕೇ ಹಿಂಜ್ ಪ್ಲೇಟಿನಲ್ಲಿ ಉದ್ದ ತೂತು ಕೊಟ್ಟು, ಅಲ್ಲಿ ಮಾತ್ರ ಹೊಂದಿಸಲು ಜಾಗ ಇಡುತ್ತೇನೆ. ಹೊಂದಾಣಿಕೆ ಒಂದೇ ಕಡೆ ಇರಲಿ. ಮೂರು ಕಡೆ ಇಟ್ಟರೆ ಮೂರು ಜನ ಮೂರು ಕಡೆ ತಿರುಗಿಸುತ್ತಾರೆ.

ಪೈಪು ಕತ್ತರಿಸುವ ಮೊದಲು

ನಮ್ಮ ಬಾಗಿಲಿನ ಕಿಂಡಿ 1200 ಮಿ.ಮೀ. ಅಗಲ, 1600 ಎತ್ತರ. ಈ ಅಳತೆ ಸುಮ್ನೆ ಬಂದದ್ದಲ್ಲ. ಮೂರು-ನಾಲ್ಕು-ಐದರ ಲೆಕ್ಕ, ಹಾಗಾಗಿ ಮೂಲೆಯಿಂದ ಮೂಲೆಗೆ ಸರಿಯಾಗಿ 2000. ಯಾವ ಹುಡುಗನಿಗೂ ಮರೆಯುವುದಿಲ್ಲ. ಇನ್ನೊಂದು ಲಾಭವೂ ಇದೆ. 40 ಎಂಎಂ ಚೌಕ ಪೈಪು 6 ಮೀಟರ್ ಉದ್ದ ಬರುತ್ತದೆ. ನಿಂತ ಪೈಪು 1680ರ ಎರಡು (ಕಿಂಡಿಯ 1600, ಮೇಲೆ ಕೆಳಗೆ ಅಡ್ಡ ಪೈಪಿನ 40-40), ಅಡ್ಡ ಪೈಪು 1200ರ ಎರಡು, ಒಟ್ಟು 5760. ಬ್ಲೇಡು ತಿನ್ನುವ 3 ಮಿ.ಮೀ. ನಾಲ್ಕು ಸಲ, 12. ಒಂದು ಪೈಪಿಗೆ ಒಂದು ಫ್ರೇಮ್, ಉಳಿದ ತುಂಡು ಲಾಕಿನ ಬುಡಕ್ಕೆ. ಒಬ್ಬರು ಓನರ್ 1350 ಅಗಲ ಕೇಳಿದ್ದರು. ಲೆಕ್ಕ 6060ಕ್ಕೆ ಹೋಯಿತು. ಅರವತ್ತು ಮಿ.ಮೀ.ಗಾಗಿ ಇನ್ನೊಂದು ಪೈಪು ಒಡೆಯಬೇಕು. ಅವರಿಗೆ ಪೈಪಿನ ರೇಟು ಹೇಳಿದೆ, 1200 ಸಾಕು ಅಂದರು.

ಮೂಲೆಯನ್ನು 45 ಡಿಗ್ರಿ ಕತ್ತರಿಸಬೇಡಿ. ಫೋಟೋ ಫ್ರೇಮಿನ ಹಾಗೆ ಚಂದ ಕಾಣುತ್ತದೆ, ನಿಜ. ಆದರೆ ಕಟ್ಟಿಂಗ್ ಮಿಷನ್ ಅರ್ಧ ಡಿಗ್ರಿ ತಪ್ಪಿದರೂ 1600ರ ತುದಿಯಲ್ಲಿ 14 ಮಿ.ಮೀ. ಹೊರಗೆ ಹೋಗುತ್ತದೆ. ನೇರ ಕಟ್ ಮಾಡಿ, ನಿಂತ ಪೈಪಿನ ನಡುವೆ ಅಡ್ಡ ಪೈಪು ಕೂರಿಸಿ. ಆಗ ನೋಡಬೇಕಾದದ್ದು ಉದ್ದ ಒಂದೇ. ನಿಂತ ಪೈಪಿನ ಮೇಲಿನ ಬಾಯಿಗೆ ಮುಚ್ಚಳ ಹಾಕಿ, ಕೆಳಗಿನ ಬಾಯಿ ತೆರೆದೇ ಇರಲಿ, ಒಳಗೆ ಸೇರಿದ ನೀರು ಇಳಿದು ಹೋಗುತ್ತದೆ. ನಮ್ಮ ಮಳೆ, ನಮ್ಮ ಉಪ್ಪುಗಾಳಿ, ಮೇಲಿಂದ ಮೀನಿನ ಉಪ್ಪುನೀರು. ಮುಚ್ಚಿಟ್ಟ ಪೈಪಿನಲ್ಲಿ ಏನಾಗುತ್ತದೆ ಅಂತ ಹಳೇ ಫ್ರೇಮ್ ಕತ್ತರಿಸಿ ನೋಡಿದವರಿಗೆ ಗೊತ್ತು.

ಎಡದ ಬಾಗಿಲಿಗೂ ಬಲದ ಬಾಗಿಲಿಗೂ ಒಂದೇ ಹಿಂಜ್ ಪ್ಲೇಟು ಬರುವ ಹಾಗೆ ತೂತುಗಳನ್ನು ಮಧ್ಯದಿಂದ ಸಮ ದೂರಕ್ಕೆ ಇಡಿ. ಮೊದಲು ನಮ್ಮಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಇತ್ತು. ಸಂಜೆ ಆರು ಗಂಟೆಯ ಮೇಲೆ ಕೆಲಸ ಮಾಡಿದ ದಿನವೆಲ್ಲ ಒಂದಾದರೂ ಉಲ್ಟಾ ಬೀಳುತ್ತಿತ್ತು.

ಜಿಗ್: ಮೂರು ಕಲ್ಲಿನ ಒಲೆ

ಜಿಗ್ ಅಂದರೆ ಪೈಪುಗಳನ್ನು ಪ್ರತಿ ಸಲ ಅದೇ ಜಾಗದಲ್ಲಿ ಹಿಡಿದಿಡುವ ಟೇಬಲ್. ಅದರ ಗುಟ್ಟು ನಮ್ಮ ಅಜ್ಜಿಯ ಒಲೆಯಲ್ಲಿತ್ತು. ಮೂರು ಕಲ್ಲಿನ ಮೇಲೆ ಇಟ್ಟ ಪಾತ್ರೆ ಅಲುಗಾಡುವುದಿಲ್ಲ. ನಾಲ್ಕನೇ ಕಲ್ಲು ಇಟ್ಟು ನೋಡಿ, ಅಲುಗಾಡುತ್ತದೆ. ಅದೇ ರೀತಿ ಫ್ರೇಮಿನ ಅಡಿಗೆ ಮೂರು ಪ್ಯಾಡು, ಉದ್ದದ ಪಕ್ಕಕ್ಕೆ ಎರಡು ಪಿನ್ನು, ಅಗಲದ ಪಕ್ಕಕ್ಕೆ ಒಂದು ಪಿನ್ನು. ಒಟ್ಟು ಆರು. ಆ ಆರಕ್ಕೆ ತಾಗಿ ನಿಂತರೆ ವಸ್ತುವಿಗೆ ಬೇರೆಲ್ಲೂ ಹೋಗಲು ದಾರಿ ಇಲ್ಲ. ಕಾರು ಫ್ಯಾಕ್ಟರಿಯಲ್ಲೂ ಇದೇ ತತ್ವ. ಅಲ್ಲಿ ತಗಡಿಗೆ ಒಂದು ಗುಂಡು ತೂತು, ಒಂದು ಉದ್ದ ತೂತು ಇರುತ್ತದೆ. ಗುಂಡು ತೂತು ಜಾಗ ಹಿಡಿಯುತ್ತದೆ, ಉದ್ದ ತೂತು ತಿರುಗುವುದನ್ನು ಮಾತ್ರ ತಡೆಯುತ್ತದೆ.

ಉದ್ದ ಪೈಪು ನಡುವೆ ಜೋತು ಬೀಳುತ್ತದಲ್ವಾ ಅಂತ ಕೇಳಬಹುದು. ಹೌದು. ಅದಕ್ಕೆ ಸ್ಕ್ರೂ ಇರುವ ಸಣ್ಣ ಕಾಲುಗಳನ್ನು ಇಡಿ. ಆದರೆ ಮೊದಲು ಮೂರು ಪ್ಯಾಡಿಗೆ ಕೂರಲಿ, ಆಮೇಲೆ ಆ ಕಾಲುಗಳನ್ನು ಮೆಲ್ಲ ಮೇಲೆತ್ತಿ, ತಾಗಿದ ಕೂಡಲೇ ನಿಲ್ಲಿಸಿ.

ಫ್ರೇಮಿನ ಯಾವ ಮುಖ ಕೆಳಗೆ? ರಬ್ಬರ್ ತಾಗುವ ಮುಖ. 40ರ ಪೈಪು ಅಂದರೂ ಅಂಗಡಿಯಿಂದ ಬರುವುದು ಒಂದು ಸಲ 39.7, ಇನ್ನೊಂದು ಸಲ 40.3. ರಬ್ಬರಿನ ಮುಖ ಪ್ಯಾಡಿಗೆ ತಾಗಿದ್ದರೆ ಆ ವ್ಯತ್ಯಾಸ ಆಚೆಯ ಮುಖಕ್ಕೆ ಹೋಗುತ್ತದೆ, ಅಲ್ಲಿ ಯಾರಿಗೂ ತೊಂದರೆ ಇಲ್ಲ. ನಾನು ಎರಡು ವರ್ಷ ಉಲ್ಟಾ ಇಟ್ಟು ವೆಲ್ಡ್ ಮಾಡಿದ್ದೆ. ಕಾರಣ? ಚಂದದ ಮುಖಕ್ಕೆ ಗೀರು ಬೀಳಬಾರದು ಅಂತ!

ಬಾಗಿಲಿನ ಜಿಗ್ಗನ್ನೂ ಇದೇ ಟೇಬಲ್ ಮೇಲೆ, ಇದೇ ಪಿನ್ನುಗಳಿಂದ ಅಳತೆ ಹಿಡಿದು ಮಾಡಿ. ಫ್ರೇಮಿಗೆ ಒಂದು ಟೇಪು, ಬಾಗಿಲಿಗೆ ಇನ್ನೊಂದು ಟೇಪು ಆದರೆ ಎರಡೂ ಸರಿ ಇದ್ದು, ಎರಡೂ ಕೂಡುವುದಿಲ್ಲ.

ವೆಲ್ಡಿಂಗ್, ದಾರ, ಮತ್ತು ಸರಳು

ಎಸ್‌ಎಸ್ 304, ಅಂದರೆ ಸ್ಟೇನ್‌ಲೆಸ್ ಸ್ಟೀಲು, ಮಾಮೂಲಿ ಮೈಲ್ಡ್ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಬಿಸಿಯನ್ನು ದಾಟಿಸುವುದು ಮೂರನೇ ಒಂದು ಪಾಲು. ಬಿಸಿ ಅಲ್ಲೇ ನಿಲ್ಲುತ್ತದೆ, ಎಳೆತ ಜಾಸ್ತಿ. ನಾಲ್ಕು ಮೂಲೆಗೂ ಮೊದಲು ಟ್ಯಾಕ್, ಅಂದರೆ ಹಿಡಿದು ನಿಲ್ಲುವಷ್ಟು ಸಣ್ಣ ಚುಕ್ಕೆ ವೆಲ್ಡ್. ಎದುರು ಬದುರು ಮೂಲೆ ಹಿಡಿದು ಹೋಗಿ. ಟ್ಯಾಕ್ ಆದ ಮೇಲೆ ಒಂದು ಸಲ ಅಳತೆ ನೋಡಿ, ಆಗ ಬಿಚ್ಚಿದರೂ ನಷ್ಟ ಇಲ್ಲ. ಆಮೇಲೆ ಪೂರ್ತಿ ವೆಲ್ಡ್, ಅದೇ ಎದುರು ಬದುರು ಕ್ರಮ, ನಡುವೆ ತಣಿಯಲು ಬಿಡಿ. ಬಿಸಿ ಇರುವಾಗ ಕ್ಲ್ಯಾಂಪ್ ಬಿಚ್ಚಬೇಡಿ. ತಣಿದು ಕುಗ್ಗಿದಾಗ ಪಿನ್ನು ಕಚ್ಚಿಕೊಳ್ಳುತ್ತದೆ, ಅದಕ್ಕೆ ಒಂದು ಪಿನ್ನಾದರೂ ಕೆಳಗಿನಿಂದ ಎಳೆದು ತೆಗೆಯುವಂತೆ ಇರಲಿ. ಇಲ್ಲದಿದ್ದರೆ ಫ್ರೇಮನ್ನು ಜಿಗ್‌ನಿಂದ ಬಿಡಿಸಲು ಮತ್ತೆ ಸುತ್ತಿಗೆಯೇ ಬರುತ್ತದೆ.

ಇನ್ನು ಕ್ರಾಸ್ ನೋಡುವುದು. ಎರಡು ಮೂಲೆ ಅಳತೆಯೂ 2000 ಬರಬೇಕು. ಒಂದು 2003, ಇನ್ನೊಂದು 1997 ಬಂದರೆ ಫ್ರೇಮಿನ ತಲೆ 5 ಮಿ.ಮೀ. ಪಕ್ಕಕ್ಕೆ ಹೋಗಿದೆ ಅಂತ ಅರ್ಥ. ಹೆಚ್ಚಿನವರು ಇಲ್ಲಿಗೇ ಬಿಡುತ್ತಾರೆ. ಆದರೆ ಕ್ರಾಸ್ ಸರಿ ಇದ್ದೂ ಫ್ರೇಮ್ ಹಪ್ಪಳದ ಹಾಗೆ ತಿರುಚಿಕೊಂಡಿರಬಹುದು, ಟೇಪಿಗೆ ಅದು ಕಾಣುವುದೇ ಇಲ್ಲ. ನನ್ನ ಕುಂದಾಪುರದ ಗಾಡಿಯಲ್ಲಿ ಆದದ್ದು ಅದೇ.

ತಿರುಚು ನೋಡಲು ಬಲೆ ಹೆಣೆಯುವ ನೈಲಾನ್ ದಾರ ಸಾಕು. ಜಿಗ್‌ನಿಂದ ಹೊರಗೆ ತೆಗೆದ ಫ್ರೇಮಿಗೆ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಅವು ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ ದಾಟಬೇಕು. ನಡುವೆ 4 ಮಿ.ಮೀ. ಸಂದು ಕಂಡರೆ ಒಂದು ಮೂಲೆ 8 ಮಿ.ಮೀ. ಎದ್ದಿದೆ. ದಾರಗಳು ಒಂದನ್ನೊಂದು ಒತ್ತುತ್ತಿದ್ದರೆ ಸಂದು ಕಾಣುವುದಿಲ್ಲ, ಆಗ ಕೆಳಗಿನ ದಾರವನ್ನು ಮೇಲಕ್ಕೆ ಬದಲಾಯಿಸಿ ಕಟ್ಟಿ ಇನ್ನೊಮ್ಮೆ ನೋಡಿ. ನಾನು 1 ಮಿ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ಫ್ರೇಮನ್ನು ಮುಂದಕ್ಕೆ ಬಿಡುವುದಿಲ್ಲ.

ಹಿಂಜ್ ಒಂದೊಂದು ಬಾಗಿಲಿಗೆ ಮೂರು. ಮೂರನ್ನೂ ಕಣ್ಣಂದಾಜಿನಲ್ಲಿ ಕೂರಿಸಬೇಡಿ. ಮೂರರ ತೂತಿನಲ್ಲೂ ಉದ್ದನೆಯ ಒಂದೇ 12 ಎಂಎಂ ಸರಳು ಹಾಯಿಸಿ, ಸರಳು ಒಳಗಿರುವಾಗಲೇ ಪ್ಲೇಟಿಗೆ ಬೋಲ್ಟ್ ಬಿಗಿಯಿರಿ. ಬಿಗಿದ ಮೇಲೆ ಸರಳು ಕೈಯಲ್ಲೇ ಎಳೆದರೆ ಬರಬೇಕು. ಮೇಲಿನ ಹಿಂಜ್‌ಗೂ ಕೆಳಗಿನದಕ್ಕೂ ಆದಷ್ಟು ದೂರ ಇರಲಿ. ನಮ್ಮದು 1200 ದೂರ, ಬಾಗಿಲು 600 ಅಗಲ. ಹಿಂಜ್ 1 ಮಿ.ಮೀ. ತಪ್ಪಿದರೆ ಬಾಗಿಲಿನ ತುದಿ ಅರ್ಧ ಮಿ.ಮೀ. ಮಾತ್ರ ಜೋತು ಬೀಳುತ್ತದೆ. ಅದೇ 400 ದೂರ ಇದ್ದಿದ್ದರೆ ಒಂದೂವರೆ.

ಬಾಗಿಲು ಹಾಕಿದ ಫ್ರೇಮನ್ನು ಹಾಗೇ ಎತ್ತಿ ಬಾಕ್ಸಿಗೆ ಇಡಿ. ಎಂಟು ಬೋಲ್ಟು, ತೂತು ಬೋಲ್ಟಿಗಿಂತ 3 ಮಿ.ಮೀ. ದೊಡ್ಡದು. ಬಾಕ್ಸ್ ಎಲ್ಲಿ ತಾಗುವುದಿಲ್ಲವೋ ಅಲ್ಲಿ ಶಿಮ್, ಅಂದರೆ ತೆಳು ತಗಡಿನ ತುಂಡು, ತುರುಕಿ, ಬೋಲ್ಟಿನಿಂದ ಎಳೆದು ತಾಗಿಸಬೇಡಿ. ಎಳೆದರೆ ಬಾಕ್ಸಿನ ಸೊಟ್ಟು ಫ್ರೇಮಿಗೆ ಬರುತ್ತದೆ. ಸುತ್ತ ಸೀಲಂಟ್. ಕೊನೆಗೆ ಪೇಪರ್ ಟೆಸ್ಟು: ಉದಯವಾಣಿಯ ಒಂದು ಪಟ್ಟಿ ಹರಿದು ರಬ್ಬರಿನ ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಹನ್ನೆರಡು ಕಡೆ. ಎಲ್ಲ ಕಡೆ ಒಂದೇ ಬಿಗಿಯಲ್ಲಿ ಬರಬೇಕು. ಸುಲಭವಾಗಿ ಜಾರಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಿಂಜ್‌ನ ಉದ್ದ ತೂತಿನಲ್ಲಿ ಹೊಂದಿಸಿ.

ಜಿಗ್ ಮಾಡಲು ನನಗೆ ಮೂರು ವಾರ ಹಿಡಿಯಿತು, ಆ ಮೂರು ವಾರ ಸಂಪಾದನೆ ಇಲ್ಲ. ಹೆಂಡತಿ ಅದನ್ನು ಇವತ್ತಿಗೂ ಹೇಳುತ್ತಾಳೆ. ಈಗ ಸೀಸನ್‌ಗೆ ಮೊದಲು ಎರಡು ಬಾಗಿಲು ಜಾಸ್ತಿ ಮಾಡಿ ಗೋಡೆಗೆ ಒರಗಿಸಿ ಇಡುತ್ತೇನೆ. ಹೋದ ಆಗಸ್ಟಿನಲ್ಲಿ ಒಂದು ಗಾಡಿ ಬಂದರಿನಲ್ಲಿ ಹಿಂದೆ ತೆಗೆಯುವಾಗ ಗೋಡೆಗೆ ಗುದ್ದಿ ಬಲದ ಬಾಗಿಲು ಒಳಗೆ ಹೋಗಿತ್ತು. ಸಂಜೆಗೆ ಬಂಗುಡೆ ಲೋಡು ಇದೆ ಅಂತ ಡ್ರೈವರ್ ಗೇಟಿನಲ್ಲೇ ಕೂಗುತ್ತಾ ಬಂದ. ಫ್ರೇಮಿಗೆ ದಾರ ಕಟ್ಟಿ ನೋಡಿದೆ, ಏನೂ ಆಗಿರಲಿಲ್ಲ. ಹಳೇ ಬಾಗಿಲು ಬಿಚ್ಚಿ ಗೋಡೆಯ ಬಾಗಿಲು ಹಾಕಿದೆವು, ಅವನು ಚಾ ಕುಡಿದು ಬರುವಷ್ಟರಲ್ಲಿ ಪೇಪರ್ ಟೆಸ್ಟಿಗೆ ಬಂದಿದ್ದೆವು. ಮಧ್ಯದ ಹಿಂಜ್‌ಗೆ ಮಾತ್ರ 1 ಮಿ.ಮೀ. ಶಿಮ್ ಬೇಕಾಯಿತು.