ಮಳೆ ಲೆಕ್ಕದ ಪುಸ್ತಕದಲ್ಲಿ ನನ್ನ ಮುಖದ ಲೆಕ್ಕ

ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಒಂದು ಸಣ್ಣ ಅರೇಬಿಕಾ ಕಾಫಿ ತೋಟ. ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಇಬ್ಬನಿ ಆರಿದಾಗಿನಿಂದ ಸಂಜೆ ಟಾರ್ಪಾಲು ಮುಚ್ಚುವವರೆಗೆ ನಾನು ಕಣದಲ್ಲೇ ಇರುತ್ತೇನೆ. ಪಾರ್ಚ್‌ಮೆಂಟ್, ಅಂದರೆ ತಿರುಳು ತೆಗೆದು ತೊಳೆದ ಕಾಫಿ ಬೀಜವನ್ನು, ಒಣಗಲು ಹರವಿಸುವುದು, ಆಗಾಗ ಕೈಯಾಡಿಸುವುದು, ತೂಕ ಬರೆದುಕೊಳ್ಳುವುದು, ಈ ಕೆಲಸಗಳನ್ನೆಲ್ಲ 22 ವರ್ಷಗಳಿಂದ ನಾನೇ ನೋಡಿಕೊಂಡು ಬಂದಿದ್ದೇನೆ. 45 ದಾಟಿದ ಮೇಲೆ ನನ್ನ ಮುಖದ ಬಲಭಾಗ ಎಡಭಾಗಕ್ಕಿಂತ ಬೇಗ ಮುಪ್ಪಾಗುತ್ತಿರುವುದು ಕಣ್ಣಿಗೆ ಬಿತ್ತು. ಬಲಗಣ್ಣಿನ ಕೊನೆಯಲ್ಲಿ ಗೆರೆಗಳು ಆಳವಾಗಿದ್ದವು, ಬಲಗೆನ್ನೆಯ ಮೇಲೆ ಕಂದು ಕಲೆ ಹರಡಿತ್ತು. ಜೀಪನ್ನು ನಾನೇ ಓಡಿಸಿಕೊಂಡು ವಾರಕ್ಕೆ ಮೂರು ನಾಲ್ಕು ಸಲ ಕುಶಾಲನಗರಕ್ಕೋ ಮಡಿಕೇರಿಗೋ ಹೋಗಿ ಬರುವವಳು ನಾನು. ಪಕ್ಕದ ಗಾಜು ಏರಿಸಿದ್ದರೂ ಅದರ ಮೂಲಕ ಬರುವ ಕಿರಣಗಳು ಕಿಟಕಿಯ ಕಡೆಯ ಕೆನ್ನೆಯನ್ನು ಇಷ್ಟು ವರ್ಷ ಸುಡುತ್ತಿದ್ದವೆಂಬುದು ಆಗ ನನಗೆ ತಿಳಿದಿರಲಿಲ್ಲ.

ವಯಸ್ಸಿನ ಗುರುತುಗಳಿಗೆ ಔಷಧ ಹುಡುಕುವುದು ಎಲ್ಲರಿಗೂ ಸುಲಭವಿರಬಹುದು, ನನ್ನಂಥ ಚರ್ಮದವರಿಗೆ ಅಲ್ಲ. ಚಿಕ್ಕಂದಿನಿಂದಲೂ ಸೋಪು ತಾಗಿದರೆ ಮುಖ ಬಿಗಿಯುತ್ತಿತ್ತು, ಜನವರಿಯ ಕುಳಿರ್ಗಾಳಿಗೆ ಕೆನ್ನೆ ಕೆಂಪಾಗುತ್ತಿತ್ತು, ಮದುವೆ ಮನೆಯಲ್ಲಿ ಯಾರೋ ಹಚ್ಚಿದ ಸುವಾಸನೆಯ ಕ್ರೀಮಿನಿಂದ ರಾತ್ರಿಯಿಡೀ ಉರಿದದ್ದೂ ಉಂಟು. ಇಂಥ ಚರ್ಮವನ್ನಿಟ್ಟುಕೊಂಡು ನಾನು ಮೊದಲ ಎರಡು ವರ್ಷ ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ನಮ್ಮ ಊರಿನ ಎಷ್ಟೋ ಹೆಂಗಸರು ಇಂದಿಗೂ ಅವನ್ನೇ ಮಾಡುತ್ತಿದ್ದಾರೆ.

ಮೊದಲನೆಯದು, ಒಂದು ಔಷಧದಂಗಡಿಯಲ್ಲಿ ಕಲೆಗೆಂದು ಕೇಳಿ ತಂದ ಸಣ್ಣ ಟ್ಯೂಬು. ವೈದ್ಯರ ಚೀಟಿಯನ್ನು ಯಾರೂ ಕೇಳಲಿಲ್ಲ. ಹಚ್ಚಿದ ಹತ್ತೇ ದಿನಕ್ಕೆ ಮುಖ ತಿಳಿಯಾಯಿತು, ಗೆರೆಗಳೂ ಮಾಸಿದಂತೆ ಕಂಡವು, ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಗೆ ಬಂದ ನೆಂಟರೆಲ್ಲ ಏನು ಹಚ್ಚುತ್ತೀ ಎಂದು ಕೇಳಿದರು. ಐದು ತಿಂಗಳ ನಂತರ ಟ್ಯೂಬು ಮುಗಿದು ನಾಲ್ಕು ದಿನ ಬಿಟ್ಟಾಗ ಮುಖವೆಲ್ಲ ಕೆಂಡದಂತೆ ಉರಿಯತೊಡಗಿತು. ಮತ್ತೆ ಹಚ್ಚಿದರೆ ಶಾಂತ, ಬಿಟ್ಟರೆ ಉರಿ. ಅದರಲ್ಲಿದ್ದದ್ದು ಸ್ಟೀರಾಯ್ಡ್ ಎಂದು ಮೈಸೂರಿನ ಚರ್ಮವೈದ್ಯೆ ಹೇಳಿದ ಮೇಲೆ ತಿಳಿಯಿತು. ವೈದ್ಯರು ನಿರ್ದಿಷ್ಟ ರೋಗಕ್ಕೆ ಕೆಲವೇ ದಿನಗಳ ಮಟ್ಟಿಗೆ ಕೊಡುವ ಆ ಔಷಧವನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ ಮೇಲೆ ಕಾಣತೊಡಗುತ್ತವೆ, ಕೊನೆಗೆ ಅದಿಲ್ಲದೆ ಚರ್ಮ ಸುಮ್ಮನಿರುವುದೇ ಇಲ್ಲ. ಮುಪ್ಪನ್ನು ತಡೆಯಲು ಹೊರಟು, ಚರ್ಮವನ್ನು ಬೇಗ ಮುಪ್ಪಾಗಿಸುವುದನ್ನೇ ನಾನು ಪ್ರತಿ ರಾತ್ರಿ ಹಚ್ಚಿಕೊಂಡಿದ್ದೆ.

ಎರಡನೆಯದು ನಮ್ಮ ಮನೆಯದೇ ಮದ್ದು. ಅತ್ತೆಯವರು ತೋಟದ ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ, ನಿಂಬೆರಸದಲ್ಲಿ ಕಲಸಿ ಕೊಟ್ಟರು. ಅವರು ಪ್ರೀತಿಯಿಂದಲೇ ಕೊಟ್ಟದ್ದು, ಅವರ ಗಟ್ಟಿ ಚರ್ಮಕ್ಕೆ ಅದು ಒಗ್ಗಿಯೂ ಇತ್ತು. ಆದರೆ ಆರೋಗ್ಯವಂತ ಚರ್ಮದ ಮೇಲ್ಪದರ ತಾನೇ ಸ್ವಲ್ಪ ಆಮ್ಲೀಯ, ಅದರ ಪಿಎಚ್ (ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಹೆಚ್ಚೆಂದು ತೋರುವ ಅಳತೆ) ಸುಮಾರು 5. ನಿಂಬೆರಸದ್ದು ಹತ್ತಿರ ಹತ್ತಿರ 2, ಮಾಮೂಲಿ ಸೋಪಿನದ್ದು 9ರಿಂದ 10. ಎರಡೂ ಕಡೆಯ ಅತಿಯನ್ನು ಸೂಕ್ಷ್ಮ ಚರ್ಮ ತಾಳುವುದಿಲ್ಲ. ಕಿತ್ತಳೆ ಸಿಪ್ಪೆಗೆ ಪರಿಮಳ ಕೊಡುವ ಲಿಮೊನೀನ್ ಎಂಬ ಎಣ್ಣೆಯಂಶ ಗಾಳಿ ತಾಗಿ ಹಳತಾದಂತೆ ಅಲರ್ಜಿ ಹುಟ್ಟಿಸುವ ಗುಣ ಪಡೆಯುತ್ತದೆ. ನಿಂಬೆ ಜಾತಿಯ ಕೆಲವು ಹಣ್ಣುಗಳ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವುದೂ ಉಂಟು. ನಾನು ಆ ಲೇಪವನ್ನು ಹಚ್ಚಿ ತೊಳೆದು ನೇರವಾಗಿ ಕಣಕ್ಕೆ ಹೋಗಿದ್ದೆ.

ಮೈಸೂರಿನ ವೈದ್ಯೆ ಮೊದಲ ಭೇಟಿಯಲ್ಲಿ ಗೆರೆಗಳ ಮಾತನ್ನೇ ಎತ್ತಲಿಲ್ಲ. ಹಚ್ಚುವುದೆಲ್ಲವನ್ನೂ ನಿಲ್ಲಿಸಿ, ಚರ್ಮದ ಮೇಲ್ಪದರ ಮೊದಲು ಕೂಡಿಕೊಳ್ಳಲಿ, ಆಮೇಲೆ ಮಿಕ್ಕಿದ್ದು ಎಂದರು. ಆ ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಿ ವಿವರಿಸಿದರು: ಜೀವಕೋಶಗಳು ಇಟ್ಟಿಗೆಗಳಾದರೆ, ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ನಡುವಿನ ಗಾರೆ, ಗಾರೆ ಉದುರಿದ ಗೋಡೆಯಲ್ಲಿ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಕೆರಳಿಸುವ ವಸ್ತು ಒಳಗೆ ಬರುತ್ತದೆ. ಸ್ಟೀರಾಯ್ಡಿನ ಚಟ ಬಿಡಿಸಲು ಅವರು ಕೊಟ್ಟ ಬೇರೆ ಔಷಧದೊಂದಿಗೆ ನಾಲ್ಕು ತಿಂಗಳು ಕಳೆದೆ. ಆ ಅವಧಿಯಲ್ಲಿ ನನ್ನ ಬಳಿ ಇದ್ದದ್ದು ಎರಡೇ: ಸೋಪಿನಂಶವಾಗಲಿ ಪರಿಮಳವಾಗಲಿ ಇಲ್ಲದ ಒಂದು ಮುಖ ತೊಳೆಯುವ ದ್ರವ, ಸೆರಮೈಡ್ ಇರುವ ಒಂದು ಸಾದಾ ಕ್ರೀಮು. ತುಟಿಯ ಸುತ್ತ ಮತ್ತು ಮೂಗಿನ ಪಕ್ಕ ಒಡೆದಾಗ ಮಾತ್ರ ರಾತ್ರಿ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ.

ಇದರೊಂದಿಗೆ ಬಿಡಬೇಕಾಗಿ ಬಂದ ಇನ್ನೊಂದು ಅಭ್ಯಾಸ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೊಡಗಿನ ಮನೆಗಳಲ್ಲಿ ಬಚ್ಚಲ ಹಂಡೆಗೆ ಕಾಫಿ ಗಿಡದ ಸೌದೆ ಒಟ್ಟಿ, ಹಬೆಯಾಡುವ ನೀರನ್ನು ತಲೆಯಿಂದ ಸುರಿದುಕೊಂಡರೇ ಸ್ನಾನ. ದಿನವಿಡೀ ಮಳೆಯಲ್ಲಿ ನೆನೆದು ಬಂದವರಿಗೆ ಅದರ ಸುಖ ಏನೆಂದು ಬಲ್ಲೆ. ಆದರೆ ಆ ಬಿಸಿನೀರು ಚರ್ಮದ ಕೊಬ್ಬನ್ನು ಕರಗಿಸಿ ಒಯ್ಯುತ್ತದೆ, ಮೊದಲೇ ಹಿಗ್ಗಿದ ರಕ್ತನಾಳಗಳನ್ನು ಮತ್ತಷ್ಟು ಹಿಗ್ಗಿಸುತ್ತದೆ. ಈಗ ಮೈಗೆ ಬಿಸಿನೀರಾದರೂ, ಮುಖವನ್ನು ಬೇರೆ ತಂಬಿಗೆಯಲ್ಲಿಟ್ಟ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುತ್ತೇನೆ, ಒರಸದೆ ಬಟ್ಟೆಯನ್ನು ಒತ್ತಿ ತೆಗೆಯುತ್ತೇನೆ, ತೇವ ಪೂರ್ತಿ ಆರುವ ಮೊದಲೇ ಕ್ರೀಮು ಹಚ್ಚುತ್ತೇನೆ. ಈ ಒಂದು ಬದಲಾವಣೆಗೆ ಖರ್ಚಿಲ್ಲ. ಕೆನ್ನೆಯ ಕೆಂಪು ಅರ್ಧ ಇಳಿದದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ.

ನಮ್ಮ ಜಿಲ್ಲೆಯ ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ಪದ್ಧತಿಯಿದೆ. ಪ್ರತಿ ಬೆಳಿಗ್ಗೆ ಮಾಪಕದ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ಅದೇ ಸಾಲಿನ ಕೊನೆಯಲ್ಲಿ ಮುಖದ ಸ್ಥಿತಿಯನ್ನೂ ಬರೆಯತೊಡಗಿದೆ: ಹಿಂದಿನ ರಾತ್ರಿ ಏನು ಹಚ್ಚಿದೆ, ಎಲ್ಲಿ ಉರಿ, ಎಲ್ಲಿ ಸಿಪ್ಪೆ. ಯಾವ ಹೊಸ ವಸ್ತುವಿಗೂ ನಾನು ನಾಲ್ಕು ವಾರಗಳ ಸಮಯ ಕೊಡುತ್ತೇನೆ, ಅಷ್ಟರೊಳಗೆ ಎರಡನೆಯದನ್ನು ಸೇರಿಸುವುದಿಲ್ಲ. ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಹತ್ತು ದಿನ ಹಚ್ಚಿ ನೋಡುತ್ತೇನೆ. ಒಂದೇ ರಾತ್ರಿಯ ಪರೀಕ್ಷೆ ಸಾಲದು. ಅಲರ್ಜಿ ಹಲವು ಸಲ ಮೂರನೆಯ ನಾಲ್ಕನೆಯ ದಿನಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಈ ರೀತಿಯಲ್ಲೇ ಒಂದು ವಿಟಮಿನ್ ಸಿ ಸೀರಮ್ ನನಗೆ ಆಗದೆಂದು ಏಳನೆಯ ದಿನ ಗೊತ್ತಾಯಿತು. ಆಸ್ಕಾರ್ಬಿಕ್ ಆಮ್ಲದ ರೂಪದಲ್ಲಿ ಅದು ಚರ್ಮದೊಳಕ್ಕೆ ಇಳಿಯಬೇಕಾದರೆ ದ್ರವದ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕು, ಉರಿಗೆ ಅದೇ ಕಾರಣ. ಅದನ್ನು ತಂಗಿಗೆ ಕೊಟ್ಟೆ, ಅವಳಿಗೆ ಚೆನ್ನಾಗಿ ಒಗ್ಗಿದೆ.

ಚರ್ಮ ಶಾಂತವಾದ ಮೇಲೆ ಮೊದಲು ಸೇರಿಸಿದ್ದು ಸನ್‌ಸ್ಕ್ರೀನ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಡ ಮುಸುಕಿದ ನಮ್ಮ ಊರಿಗೆ ಅದೇಕೆ ಎಂದು ಕೇಳುವವರೇ ಹೆಚ್ಚು. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇಕಡ 10ರಷ್ಟು ಏರುತ್ತದೆ, ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ. ತಂಪು ಗಾಳಿಯಿಂದ ಬಿಸಿಲು ಮೈಗೆ ತಿಳಿಯುವುದಿಲ್ಲವೇ ಹೊರತು ಕಿರಣ ಕಡಿಮೆಯಾಗುವುದಿಲ್ಲ. ಆ ಕಿರಣಗಳಲ್ಲಿ ಯುವಿಬಿ ಚರ್ಮವನ್ನು ಸುಡುತ್ತದೆ. ಯುವಿಎ ಇನ್ನೂ ಆಳಕ್ಕಿಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಕೆಡಿಸುತ್ತದೆ, ತೆಳು ಮೋಡವನ್ನೂ ಗಾಜನ್ನೂ ದಾಟಿ ಬರುತ್ತದೆ. ಆಸ್ಟ್ರೇಲಿಯಾದ ನಾಂಬೋರ್‌ನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮನಬಂದಾಗ ಹಚ್ಚಿದವರದಕ್ಕಿಂತ ಶೇಕಡ 24ರಷ್ಟು ಕಡಿಮೆ ಮುಪ್ಪಾಗಿತ್ತು. ವೈದ್ಯೆ ಇದನ್ನು ಹೇಳಿದ ದಿನ ನನ್ನ ಬಲಗೆನ್ನೆಯ ಅರ್ಥ ನನಗೆ ತಿಳಿಯಿತು.

ರಾಸಾಯನಿಕ ಶೋಧಕಗಳಿರುವ ಎರಡು ಬಗೆಯನ್ನು ನೋಡಿದೆ. ಬೆವರಿನೊಂದಿಗೆ ಕಣ್ಣಿಗಿಳಿದು ಕಣದಲ್ಲಿ ನಿಲ್ಲಲಾಗಲಿಲ್ಲ. ಜಿಂಕ್ ಆಕ್ಸೈಡ್ ಇರುವುದು ಉರಿಯಲಿಲ್ಲ, ಆದರೆ ಮುಖ ಬೂದಿ ಬಳಿದಂತಾಗುತ್ತಿತ್ತು. ಕೊನೆಗೆ ಐರನ್ ಆಕ್ಸೈಡ್ ಬೆರೆಸಿ ಮೈಬಣ್ಣಕ್ಕೆ ಹೊಂದಿಸಿದ, ಬಿಸಿಲಿನಿಂದ ಕಾಯುವ ಅಳತೆಯಾದ ಎಸ್‌ಪಿಎಫ್ 50 ಇರುವುದು ಸಿಕ್ಕಿತು. ಕಂದು ಕಲೆಯನ್ನು ಹೆಚ್ಚಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ, ಅದನ್ನು ತಡೆಯುವ ಶಕ್ತಿ ಈ ಐರನ್ ಆಕ್ಸೈಡಿಗಿದೆ. ಹೀಗಾಗಿ ನಮ್ಮ ಬಣ್ಣದವರಿಗೆ ಇದು ಎರಡು ರೀತಿಯಲ್ಲಿ ಹಿತ. ಬೆಳಿಗ್ಗೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ, ಮುಖ, ಕಿವಿ, ಕತ್ತಿಗೆ ಹಚ್ಚುತ್ತೇನೆ. ಕಣದಲ್ಲಿರುವ ದಿನ ಹನ್ನೊಂದಕ್ಕೂ ಒಂದಕ್ಕೂ ಮತ್ತೆ ಹಚ್ಚುತ್ತೇನೆ, ತಲೆಗೆ ಅಗಲ ಅಂಚಿನ ಟೋಪಿ ಇದ್ದೇ ಇರುತ್ತದೆ.

ನಂತರ ಬಂದದ್ದು ವಿಟಮಿನ್ ಬಿ3ರ ಒಂದು ರೂಪವಾದ ಶೇಕಡ 4ರ ನಿಯಾಸಿನಮೈಡ್, ಅದರ ಎರಡು ತಿಂಗಳ ಮೇಲೆ ಶೇಕಡ 10ರ ಅಜಿಲಾಯಿಕ್ ಆಮ್ಲ. ನಿಯಾಸಿನಮೈಡನ್ನು ಶೇಕಡ 10ರದು ಕೊಂಡರೆ ಲಾಭ ಹೆಚ್ಚೆಂದು ಭಾವಿಸುವುದು ಬೇಡ. ನನ್ನ ಕೆನ್ನೆ ಅದಕ್ಕೆ ಕೆಂಪೇರಿತು. ಅಜಿಲಾಯಿಕ್ ಮೊದಲ ವಾರ ಸ್ವಲ್ಪ ನವೆ ತಂದು ಆಮೇಲೆ ಒಗ್ಗಿತು, ಕಲೆ ಮತ್ತು ಕೆಂಪು ಎರಡಕ್ಕೂ ಒದಗಿತು.

ಗೆರೆಗಳ ವಿಷಯದಲ್ಲಿ ಗಟ್ಟಿ ಆಧಾರವಿರುವುದು ವಿಟಮಿನ್ ಎ ವರ್ಗದ ಔಷಧಗಳಿಗೆ. ಮೊಡವೆಗೆ ಬಳಸುತ್ತಿದ್ದ ಟ್ರೆಟಿನಾಯಿನ್ ಬಿಸಿಲಿನಿಂದ ಮುಪ್ಪಾದ ಚರ್ಮವನ್ನೂ ಸುಧಾರಿಸುತ್ತದೆ ಎಂದು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತವರ ಸಂಗಡಿಗರು 1986ರಲ್ಲಿ ಪ್ರಕಟಿಸಿದ್ದರು. ಅದು ನನಗೆ ತೀಕ್ಷ್ಣವೆಂದು ವೈದ್ಯೆ ರೆಟಿನಾಲ್ ಸೂಚಿಸಿದರು. ಚರ್ಮದೊಳಗೆ ಎರಡು ಹಂತಗಳಲ್ಲಿ ಮಾರ್ಪಟ್ಟ ಮೇಲಷ್ಟೇ ಅದು ಕೆಲಸ ಮಾಡುವುದರಿಂದ ಮೆಲ್ಲಗಿರುತ್ತದೆ. ನಾನು ಅದನ್ನು ಆರಂಭಿಸಿದ್ದು ಜೂನ್ ಎರಡನೆಯ ವಾರ, ಮುಂಗಾರು ಹಿಡಿದ ಮೇಲೆ. ಇದು ನನ್ನದೇ ನಿರ್ಧಾರ, ಈಗಲೂ ಸರಿಯೆನಿಸುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಚರ್ಮ ಒಣಗುವುದು ಕಡಿಮೆ, ಕಣದ ಕೆಲಸವೂ ಇರುವುದಿಲ್ಲ. ಶೇಕಡ 0.1ರ ರೆಟಿನಾಲನ್ನು ವಾರಕ್ಕೆ ಎರಡೇ ರಾತ್ರಿ, ಮುಖ ತೊಳೆದು ಪೂರ್ತಿ ಒಣಗಿದ ಇಪ್ಪತ್ತು ನಿಮಿಷದ ಮೇಲೆ, ಮೊದಲು ತೆಳು ಕ್ರೀಮು, ಅದರ ಮೇಲೆ ಬಟಾಣಿ ಕಾಳಿನಷ್ಟು ಔಷಧ, ಮತ್ತೆ ಕ್ರೀಮು. ಕಣ್ಣಿನ ಮೂಲೆ, ಮೂಗಿನ ಮಡಿಕೆ, ತುಟಿಯಂಚನ್ನು ಬಿಟ್ಟು.

ಏಳು ವಾರ ಏನೂ ತೊಂದರೆಯಾಗದ್ದರಿಂದ ಆಗಸ್ಟಿನಲ್ಲಿ ಆತುರಪಟ್ಟು ವಾರಕ್ಕೆ ನಾಲ್ಕು ರಾತ್ರಿ ಮಾಡಿದೆ. ಪುಸ್ತಕದ ಆ ಪುಟ ಈಗಲೂ ಹೀಗಿದೆ: “4 ಇಂಚು 60 ಸೆಂಟ್. ಕರೆಂಟ್ ಇಲ್ಲ. ಮೂಗಿನ ಎರಡೂ ಪಕ್ಕ ಸಿಪ್ಪೆ, ನೀರು ತಾಗಿದರೂ ಉರಿ.” ಹತ್ತು ದಿನ ಎಲ್ಲವನ್ನೂ ನಿಲ್ಲಿಸಿ, ಮತ್ತೆ ಎರಡು ರಾತ್ರಿಯಿಂದ ಆರಂಭಿಸಿದೆ. ಈಗ ಮೂರು ರಾತ್ರಿ. ಅದಕ್ಕಿಂತ ಮುಂದೆ ಹೋಗುವ ಆಸೆಯಿಲ್ಲ. ಬೆಳಕು, ಗಾಳಿ, ಶಾಖಕ್ಕೆ ರೆಟಿನಾಲ್ ಬೇಗ ಕೆಡುವುದರಿಂದ ಟ್ಯೂಬನ್ನು ಬಚ್ಚಲ ಒಲೆಯ ಹತ್ತಿರದ ಗೂಡಿನಿಂದ ತೆಗೆದು ಕೋಣೆಯ ಬೀರುವಿಗೆ ಸೇರಿಸಿದ್ದೇನೆ.

ರೆಟಿನಾಲಿಗೆ ಬದಲಾಗಿ ಬಾವಂಚಿ ಬೀಜ ಅರೆದು ಹಚ್ಚು ಎಂದು ಸಲಹೆ ಕೊಟ್ಟವರಿದ್ದಾರೆ. ಬಾವಂಚಿಯಿಂದ ಬೇರ್ಪಡಿಸಿದ ಬಕುಚಿಯಾಲ್ ಎಂಬ ಅಂಶ ಗೆರೆಗಳಿಗೆ ಒಳ್ಳೆಯದೆಂದು ಸಣ್ಣ ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ಇಡೀ ಬೀಜದಲ್ಲಿ ಸೋರಾಲೆನ್ ಕೂಡ ಇದೆ, ಅದು ಬಿಸಿಲಿಗೆ ಸೇರಿದರೆ ಚರ್ಮವನ್ನು ಬೊಬ್ಬೆ ಏಳುವಷ್ಟು ಸುಡಬಲ್ಲದು. ತೋಟದ ಕೆಲಸ ಮಾಡುವವರು ಅದನ್ನು ಅರೆದು ಹಚ್ಚಬಾರದೆಂದು ನಾನು ಕೈಮುಗಿದು ಹೇಳುತ್ತೇನೆ. ಹಾಗೆಯೇ ಬಸುರಿಯರು ಮತ್ತು ಮಗುವಿಗಾಗಿ ಯೋಚಿಸುತ್ತಿರುವವರು ರೆಟಿನಾಲನ್ನಾಗಲಿ ಟ್ರೆಟಿನಾಯಿನನ್ನಾಗಲಿ ಮುಟ್ಟಬಾರದು. ನನ್ನ ಸೊಸೆ ಕಳೆದ ವರ್ಷ ಬಸುರಿಯಾಗಿದ್ದಾಗ ವೈದ್ಯರನ್ನು ಕೇಳಿ ಅಜಿಲಾಯಿಕ್ ಒಂದನ್ನೇ ಬಳಸಿದಳು.

ರೆಟಿನಾಲ್ ಆರಂಭಿಸಿ ಎರಡು ವರ್ಷ ತುಂಬುತ್ತ ಬಂದಿದೆ. ಮೊದಲ ಮೂರು ತಿಂಗಳು ಕನ್ನಡಿಯಲ್ಲಿ ಏನೂ ಕಾಣಲಿಲ್ಲ, ಏಳನೆಯ ತಿಂಗಳ ಹೊತ್ತಿಗೆ ಕಣ್ಣಿನ ಕೊನೆಯ ಸಣ್ಣ ಗೆರೆಗಳು ಹಗುರಾದವು. ಬಲಗೆನ್ನೆಯ ಕಲೆ ಹತ್ತಿರ ಬಂದು ನೋಡಿದರಷ್ಟೇ ಕಾಣುವಷ್ಟು ತಿಳಿಯಾಗಿದೆ. ಹಣೆಯ ಎರಡು ಆಳವಾದ ಗೆರೆಗಳು ಇದ್ದಂತೆಯೇ ಇವೆ, ಗಲ್ಲದ ಕೆಳಗೆ ಜೋತದ್ದು ಏರಿಲ್ಲ. ಹಚ್ಚುವ ಯಾವ ಕ್ರೀಮೂ ಅದನ್ನು ಏರಿಸದೆಂದು ವೈದ್ಯೆ ಮೊದಲೇ ಹೇಳಿದ್ದರು. ಕೆಂಪು ರಕ್ತನಾಳಗಳಲ್ಲಿ ನಾಲ್ಕೈದು ಉಳಿದಿವೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಈ ಸಲ ಮಾರ್ಚ್ ಮೂರನೆಯ ವಾರ ಬಿತ್ತು. ಆ ದಿನದ ಸಾಲಿನಲ್ಲಿ 1 ಇಂಚು 10 ಸೆಂಟ್ ಎಂದು ಬರೆದು, ಮುಖದ ಜಾಗದಲ್ಲಿ “ಏನೂ ಇಲ್ಲ” ಎಂದು ಬರೆದಿದ್ದೇನೆ.