ಸಲಹೆ ಕೊಡದೆ ಜೊತೆಗಿರುವ ಕೆಲಸ: ಕ್ವೇಕರ್ ಸಭೆಯೊಂದರಲ್ಲಿ ನನ್ನ ಅನುಭವ

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಂದು ಸಭೆಯಲ್ಲಿ ಮೂರು ಮೂರು ವರ್ಷಗಳ ಎರಡು ಅವಧಿಗೆ ನಾನು ಸದಸ್ಯರ ಕಷ್ಟಸುಖ ವಿಚಾರಿಸುವ ಹೊಣೆ ಹೊತ್ತಿದ್ದೆ. ಈ ಹೊಣೆಗಾರರನ್ನು ಹಿಂದಿನಿಂದಲೂ ಓವರ್‌ಸಿಯರ್ ಎನ್ನುತ್ತಿದ್ದರು. ನಮ್ಮೂರಿನಲ್ಲಿ ಓವರ್‌ಸಿಯರ್ ಎಂದರೆ ರಸ್ತೆ ಬದಿಯ ಜಲ್ಲಿ ರಾಶಿಯನ್ನು ಅಳೆಯಲು ಬರುತ್ತಿದ್ದವರಾದ್ದರಿಂದ ಮೊದಲ ಸಲ ಆ ಮಾತು ಕೇಳಿದಾಗ ನನಗೆ ನಗು ಬಂದಿತ್ತು. ಗುಲಾಮರನ್ನು ದುಡಿಸುತ್ತಿದ್ದ ತೋಟಗಳ ಮೇಲ್ವಿಚಾರಕರಿಗೂ ಅದೇ ಹೆಸರಿತ್ತೆಂಬ ಕಾರಣಕ್ಕೆ ಈಗ ಬಹಳಷ್ಟು ಸಭೆಗಳು ಅದನ್ನು ಕೈಬಿಟ್ಟಿವೆ.

ಬ್ರಿಟನ್ನಿನ ಕ್ವೇಕರರಲ್ಲಿ ಪಾದ್ರಿಗಳಿಲ್ಲ. ಭಾನುವಾರ ಒಂದು ಗಂಟೆ ಎಲ್ಲರೂ ಮೌನವಾಗಿ ಕೂರುತ್ತಾರೆ, ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡುತ್ತಾರೆ, ಕೊನೆಗೆ ಇಬ್ಬರು ಹಿರಿಯರು ಕೈಕುಲುಕಿದರೆ ಸಭೆ ಮುಗಿಯಿತು. ಪಾದ್ರಿ ಇಲ್ಲವೆಂದ ಮೇಲೆ ಪಾದ್ರಿಯ ಕೆಲಸವನ್ನೆಲ್ಲ ಸದಸ್ಯರೇ ಹಂಚಿಕೊಳ್ಳಬೇಕು. ನನ್ನ ಕೆಲಸ ಶುರುವಾಗುತ್ತಿದ್ದುದು ಆಮೇಲಿನ ಟೀ ಹೊತ್ತಿನಲ್ಲಿ: ಎರಡು ವಾರದಿಂದ ಯಾರು ಬಂದಿಲ್ಲ, ಟೀ ಕುಡಿಯದೆ ಬೇಗ ಹೊರಟವರು ಯಾರು ಎಂದು ಗಮನಿಸುವುದು.

ಮೊದಲ ವರ್ಷವೇ ಎಡವಿದೆ. ಎಂಬತ್ತು ದಾಟಿದ ಒಬ್ಬರು ಪತಿಯನ್ನು ಕಳೆದುಕೊಂಡಿದ್ದರು. (ಕ್ವೇಕರರು ಶ್ರೀಮತಿ, ಡಾಕ್ಟರ್ ಎಂಬ ಯಾವ ಬಿರುದನ್ನೂ ಸೇರಿಸದೆ ಬರಿಯ ಹೆಸರಿನಿಂದ ಕರೆಯುತ್ತಾರೆ, ಅಜ್ಜಿಯ ವಯಸ್ಸಿನವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಒಂದು ವರ್ಷ ಒಪ್ಪಲಿಲ್ಲ.) ಅಂತ್ಯಸಂಸ್ಕಾರವಾದ ಎರಡು ವಾರಕ್ಕೆ ಅವರ ಮನೆಗೆ ಹೋಗಿ, ಮಗಳ ಊರಿಗೆ ಹೋಗುವುದು ಒಳ್ಳೆಯದೆಂದೂ ಇಷ್ಟು ದೊಡ್ಡ ಮನೆ ಒಬ್ಬರಿಗೆ ಕಷ್ಟವೆಂದೂ ಅರ್ಧ ಗಂಟೆ ಮಾತಾಡಿದೆ. ಅವರು ಎಲ್ಲವನ್ನೂ ಕೇಳಿ, "ನಿಮ್ಮ ಟೀ ಆರಿಹೋಯಿತು" ಎಂದರು. ಬಹಳ ವರ್ಷಗಳಿಂದ ಈ ಹೊಣೆಯಲ್ಲಿದ್ದ ಸಹೋದ್ಯೋಗಿಯೊಬ್ಬರಲ್ಲಿ ಇದನ್ನು ಹೇಳಿಕೊಂಡಾಗ, ಮುಂದಿನ ಸಲ ಪತಿ ಮಾಡುತ್ತಿದ್ದ ಯಾವ ಕೆಲಸ ನಿಂತುಹೋಗಿದೆ ಎಂದಷ್ಟೇ ಕೇಳು ಎಂದರು. ಕೇಳಿದೆ. ಕಸದ ಡಬ್ಬಿ ಎಂಬ ಉತ್ತರ ಬಂತು. ಅಲ್ಲಿ ಒಂದು ವಾರ ಒಂದು ಬಣ್ಣದ ಡಬ್ಬಿಯಾದರೆ ಮರುವಾರ ಇನ್ನೊಂದನ್ನು ರಸ್ತೆಗೆ ತಂದಿಡಬೇಕು. ಬುಧವಾರ ರಾತ್ರಿಯ ಆ ಕೆಲಸವನ್ನು ಐವತ್ತು ವರ್ಷ ಪತಿಯೇ ಮಾಡಿದ್ದರಂತೆ. ಎರಡು ಬೀದಿ ಆಚೆಯ ಸದಸ್ಯರೊಬ್ಬರು ಅದನ್ನು ವಹಿಸಿಕೊಂಡರು, ಇನ್ನೊಬ್ಬರು ಕಣ್ಣಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದರು. ನಾನು ಫ್ಲಾಸ್ಕಿನಲ್ಲಿ ಬೇಳೆಸಾರು ಒಯ್ದೆ, ಖಾರವೆಂದರು, ಮುಂದಿನ ವಾರ ಮೆಣಸು ಕಡಿಮೆ ಮಾಡಿದೆ. ಸಾರಿನ ನಂತರ ಇಬ್ಬರೂ ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತಿದ್ದೆವು.

ಈ ಏರ್ಪಾಡಿನ ಬೇರು ಹಳೆಯದು. ನಂಬಿಕೆಯ ಕಾರಣಕ್ಕೆ ಕ್ವೇಕರರು ಸೆರೆಮನೆ ಸೇರುತ್ತಿದ್ದ ಕಾಲದಲ್ಲಿ, 1654ರಲ್ಲಿ, ಮಾರ್ಗರೆಟ್ ಫೆಲ್ ಅವರ ಮುಂದಾಳುತನದಲ್ಲಿ ಬಂದಿಗಳಿಗೂ ಊರೂರು ತಿರುಗುವ ಪ್ರಚಾರಕರಿಗೂ ನೆರವಾಗಲು ಕೆಂಡಲ್ ನಿಧಿ ಆರಂಭವಾಯಿತು. ನಮ್ಮ ಸಭೆಗೂ ಒಂದು ಸಣ್ಣ ನಿಧಿಯಿತ್ತು. ಯಾರ ವಿದ್ಯುತ್ ಬಿಲ್ ಕಟ್ಟಿದೆವೆಂಬುದು ಇಬ್ಬರಿಗೆ ಮಾತ್ರ ತಿಳಿದಿರುತ್ತಿತ್ತು, ಲೆಕ್ಕಪತ್ರದಲ್ಲಿ ಹೆಸರು ಇರುತ್ತಿರಲಿಲ್ಲ. ಯಾರ್ಕ್‌ಶೈರಿನವರು ಮರೆಯದ ಇನ್ನೊಂದು ಸಂಗತಿಯಿದೆ. 1790ರಲ್ಲಿ ಯಾರ್ಕ್ ಮಾನಸಿಕ ಆಸ್ಪತ್ರೆಯಲ್ಲಿ ಹನ್ನಾ ಮಿಲ್ಸ್ ಎಂಬ ಕ್ವೇಕರ್ ಮಹಿಳೆ ತೀರಿಕೊಂಡರು. ಅವರನ್ನು ನೋಡಲು ಹೋದ ಕ್ವೇಕರರನ್ನು ಒಳಗೆ ಬಿಟ್ಟಿರಲಿಲ್ಲ. ಆ ನೋವಿನಿಂದ ಯಾರ್ಕಿನ ಕ್ವೇಕರ್ ವ್ಯಾಪಾರಿ ವಿಲಿಯಂ ಟ್ಯೂಕ್ ಹಣ ಕೂಡಿಸಿ 1796ರಲ್ಲಿ, ರೋಗಿಗಳನ್ನು ಮನುಷ್ಯರಂತೆ ಕಾಣುವ ರಿಟ್ರೀಟ್ ಎಂಬ ಆಸ್ಪತ್ರೆಯನ್ನು ತೆರೆದರು.

ನನಗೆ ಅತ್ಯಂತ ಕಷ್ಟವೆನಿಸಿದ್ದು ಕ್ಲಿಯರ್‌ನೆಸ್ ಸಭೆ. ಮದುವೆಯಾಗಲಿರುವವರಿಗೆ ಬೇರೆ ಯಾವ ಅಡ್ಡಿಯೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಹುಟ್ಟಿದ ಪದ್ಧತಿಯಿದು. ಈಗ ಗೊಂದಲದಲ್ಲಿರುವ ಯಾರೇ ಆದರೂ ಇದನ್ನು ಕೇಳಿಕೊಳ್ಳಬಹುದು. ಕೆಲಸ ಕಳೆದುಕೊಂಡು, ಊರು ಬಿಡುವುದೋ ಇರುವುದೋ ತಿಳಿಯದೆ ಕಂಗೆಟ್ಟಿದ್ದ ಒಬ್ಬರ ಜೊತೆ ನಾವು ನಾಲ್ವರು ಎರಡು ಗಂಟೆ ಕುಳಿತೆವು. ಸಲಹೆ ಕೊಡಕೂಡದು, ನಮ್ಮದೇ ಕಥೆ ಹೇಳಕೂಡದು, ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನಂತೂ ಕೇಳಲೇಕೂಡದು. "ತಂಗಿಯ ಊರಿಗೆ ಯಾಕೆ ಹೋಗಬಾರದು?" ಎಂಬುದು ಪ್ರಶ್ನೆಯ ವೇಷ ಹಾಕಿದ ಸಲಹೆ, ಅದು ನನ್ನ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಇನ್ನೊಬ್ಬರು, ಆ ಕೆಲಸದ ದಿನಗಳಲ್ಲಿ ನೀವು ಎದುರುನೋಡುತ್ತಿದ್ದುದು ಯಾವುದನ್ನು ಎಂದು ಕೇಳಿದರು. ಅವರು ಬಹಳ ಹೊತ್ತು ಸುಮ್ಮನಿದ್ದು, ಬೆಳಗಿನ ಬಸ್ಸಿನಲ್ಲಿ ಸಿಗುತ್ತಿದ್ದ ಗೆಳೆಯನನ್ನು ಎಂದರು. ಅಂದು ತೀರ್ಮಾನವೇನೂ ಆಗಲಿಲ್ಲ. ತಿಂಗಳ ನಂತರ ಊರಿನಲ್ಲೇ ಉಳಿದರು.

ಎಲ್ಲವೂ ಹೀಗೆ ಕೂಡಿಬರಲಿಲ್ಲ. ತೀವ್ರ ಖಿನ್ನತೆಯಲ್ಲಿದ್ದ ಒಬ್ಬರ ಮಾತನ್ನು ನಾವು ವಾರಗಟ್ಟಲೆ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತ ಕುಳಿತೆವು. ವೈದ್ಯರಲ್ಲಿಗೆ ಮೊದಲ ವಾರವೇ ಕರೆದೊಯ್ಯಬೇಕಿತ್ತು. ಅವರು ಚೇತರಿಸಿಕೊಂಡರು, ಆದರೆ ಆ ವಿಳಂಬ ನಮ್ಮದೇ ತಪ್ಪು. ಅಂದಿನಿಂದ, ಇದು ನಮ್ಮ ಕೈಮೀರಿದ್ದೇ ಎಂದು ಪ್ರತಿ ಭೇಟಿಯ ನಂತರ ಸಹೋದ್ಯೋಗಿಗಳಲ್ಲಿ ಕೇಳುವುದನ್ನು ರೂಢಿಮಾಡಿಕೊಂಡೆ.

ಎರಡನೆಯ ಅವಧಿ ಮುಗಿದಾಗ, ಸಂಬಂಧಪಟ್ಟವರ ಒಪ್ಪಿಗೆ ಇದ್ದಷ್ಟನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಹೊಸಬರಿಗೆ ಕೊಟ್ಟೆ. ಅದರ ಒಂದು ಸಾಲು ಹೀಗಿತ್ತು: "ಬುಧವಾರದ ಡಬ್ಬಿ ಈಗ ಅವರೇ ಇಡುತ್ತಾರೆ, ಹಿಮ ಬಿದ್ದ ದಿನ ಮಾತ್ರ ಫೋನ್ ಮಾಡಿ ಕೇಳುವುದು."